ಗಂಡ, ಹೆಂಡತಿ, ನಡುವೆ ಒಂದು ದೆವ್ವ: ಮುರುಕು ಸಂಸಾರದ ಪ್ರೇತಕಥೆ ಬರೆಯಲು ಸಮಗ್ರ ಮಾರ್ಗದರ್ಶಿ

ದೆವ್ವದ ಕಥೆ ಬರೆಯಲು ಕೂತವರು ಸಾಮಾನ್ಯವಾಗಿ ದೆವ್ವದಿಂದಲೇ ಶುರು ಮಾಡುತ್ತಾರೆ. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು. ಸಂಸಾರದೊಳಗೆ ನುಗ್ಗಿ ಮರುಳು ಮಾಡುವ ದೆವ್ವದ ಕಥೆಗೆ ಈ ದಾರಿ ಹಿಡಿದರೆ ಅರ್ಧ ಕೆಲಸ ಕೆಟ್ಟಂತೆಯೇ. ಈ ಜಾತಿಯ ಕಥೆಯಲ್ಲಿ ಓದುಗರನ್ನು ಕಾಡುವ ಭಯವೇ ಬೇರೆ. ಕಟ್ಟಿಕೊಂಡವರಿಗಿಂತ ಈ ದೆವ್ವವೇ ವಾಸಿ ಅನ್ನಿಸುತ್ತಿದೆಯಲ್ಲ, ಎಂಬ ಭಯ ಅದು. ಅಲ್ಲಿಗೆ ಓದುಗರನ್ನು ಕರೆದುಕೊಂಡು ಹೋಗುವುದು ಹೇಗೆ ಅನ್ನೋದೇ ಈ ಬರಹ.

ಮೂರರಿಂದ ಐದು ಸಾವಿರ ಪದಗಳ ಸಣ್ಣಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ. ಒಂದೇ ಉದಾಹರಣೆಯನ್ನು ಉದ್ದಕ್ಕೂ ಕಟ್ಟುತ್ತಾ ಹೋಗೋಣ.

ಹೆಜ್ಜೆ 1: ಮೊದಲು ಸಂಸಾರ ಬರೆಯಿರಿ

"ಇಬ್ಬರಿಗೂ ಹೊಂದಾಣಿಕೆ ಇರಲಿಲ್ಲ" ಎಂಬ ವಾಕ್ಯದಿಂದ ಯಾವ ದೆವ್ವವೂ ಹುಟ್ಟುವುದಿಲ್ಲ. ಅದು ಒಳಗೆ ಬರಲು ಒಂದು ಸಂದಿ ಬೇಕು. ಆ ಮನೆಯಲ್ಲಿ ಏನು ನಿಂತುಹೋಗಿದೆ ಅಂತ ಕೇಳಿಕೊಳ್ಳಿ. ನಗುವುದಾ? ಒಟ್ಟಿಗೆ ಊಟಕ್ಕೆ ಕೂರುವುದಾ? ಹೆಸರು ಹಿಡಿದು ಕರೆಯುವುದಾ? ಒಂದೇ ಒಂದು ಸಾಕು. ಕೊರತೆ ಎಷ್ಟು ಚಿಕ್ಕದೋ ಕಥೆ ಅಷ್ಟು ಗಟ್ಟಿ.

ನಮ್ಮ ಉದಾಹರಣೆ ಇದು. ಮದುವೆಯಾಗಿ ಹನ್ನೊಂದು ವರ್ಷ. ಗಂಡ ಕುಡಿಯುವುದಿಲ್ಲ, ಕೈ ಮಾಡುವುದಿಲ್ಲ, ಮನೆಗೆ ಬೇಕಾದ್ದು ತಂದು ಹಾಕುತ್ತಾನೆ. ರಾತ್ರಿ ಹೆಂಡತಿ ದಿನದ ಸುದ್ದಿ ಹೇಳುತ್ತಾಳೆ. ಅವನು ಮೊಬೈಲಿನಿಂದ ಕಣ್ಣೆತ್ತದೆ "ಹೂಂ" ಅನ್ನುತ್ತಾನೆ. ಒಂದು ರಾತ್ರಿ ಅವಳು ಬೇಕಂತಲೇ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾಳೆ. "ಮೆಟ್ಟಿಲ ಹತ್ತಿರ ಆ ಹೆಂಗಸು ನನ್ನ ಕೈ ಹಿಡ್ಕೊಂಡು..." ಅಂತ ಹೇಳಿ ಸುಮ್ಮನಾಗುತ್ತಾಳೆ. ಅವನು "ಹೂಂ" ಅನ್ನುತ್ತಾನೆ. ದೀಪ ಆರಿಸಿ ಆ ಕಡೆ ತಿರುಗುತ್ತಾನೆ.

ಇಷ್ಟೇ. ಜಗಳವಿಲ್ಲ, ಕಣ್ಣೀರಿಲ್ಲ. ಆದರೆ ಸಂದಿ ಬಿಟ್ಟಿದೆ.

ಈಗ ಗಂಡನ ಕಡೆಯೂ ಒಂದು ನ್ಯಾಯ ಕೊಡಿ. ಹೆಚ್ಚಿನ ಕಥೆಗಳು ಇಲ್ಲೇ ಸೋಲುತ್ತವೆ. ಗಂಡ ಬರೀ ಕಟುಕನಾದರೆ ದೆವ್ವದ ಜೊತೆ ಹೋಗುವುದರಲ್ಲಿ ಸಂಕಟವೇ ಇಲ್ಲ, ಹೋಗಲಿ ಬಿಡು ಅನ್ನಿಸುತ್ತದೆ. ನಮ್ಮ ಗಂಡನ ಕೆಲಸ ದಿನವಿಡೀ ಫೋನಿನಲ್ಲಿ ಜನರ ದೂರು ಕೇಳುವುದು ಅಂತಿಟ್ಟುಕೊಳ್ಳಿ. ಬೈಗುಳ ತಿಂದು ತಿಂದು ಅವನ ಕಿವಿ ದಣಿದಿದೆ. ಎದುರು ಮಾತಾಡದೆ "ಹೂಂ" ಅಂದುಕೊಂಡು ಇರುವುದೇ ತಾನು ತೋರಿಸುವ ಅಕ್ಕರೆ ಅಂತ ಅವನು ನಂಬಿದ್ದಾನೆ. ಈಗ ಇಬ್ಬರದ್ದೂ ಸರಿ, ಇಬ್ಬರದ್ದೂ ತಪ್ಪು.

ಕಥೆ ಶುರು ಮಾಡುವ ಮೊದಲು ಒಂದು ಪುಟ ಗೀಚಿಕೊಳ್ಳಿ. ಯಾರು ಯಾವ ಮಗ್ಗುಲಲ್ಲಿ ಮಲಗುತ್ತಾರೆ, ದೀಪ ಆರಿಸುವವರು ಯಾರು, ಇಬ್ಬರೂ ಎತ್ತದ ವಿಷಯ ಯಾವುದು, ಕಾರಣ ಮರೆತೇಹೋಗಿರುವ ಹಳೆಯ ಮುನಿಸು ಯಾವುದು. ಇದರಲ್ಲಿ ಮುಕ್ಕಾಲು ಪಾಲು ಕಥೆಯಲ್ಲಿ ಬರುವುದೇ ಇಲ್ಲ. ಆದರೂ ಬರೆದಿಟ್ಟುಕೊಳ್ಳಿ. ದೆವ್ವ ಬಂದಮೇಲೆ ಎಲ್ಲಿ ಕೂರುತ್ತದೆ ಅಂತ ತಿಳಿಯುವುದು ಇದರಿಂದಲೇ.

ಹೆಜ್ಜೆ 2: ದೆವ್ವ ಯಾರು ಅಂತ ತೀರ್ಮಾನಿಸಿ

ಹಳೆಯ ಕಥೆಗಳನ್ನು ಹರಡಿಕೊಂಡು ನೋಡಿದರೆ ಮುಖ್ಯವಾಗಿ ಮೂರು ಬಗೆ ಕಾಣುತ್ತದೆ.

ಸತ್ತ ಸಂಗಾತಿ ತಿರುಗಿ ಬರುವುದು ಮೊದಲನೆಯದು. ಥಾಯ್ಲೆಂಡಿನ ಮೇ ನಾಕ್ ಕಥೆ ಇದಕ್ಕೆ ಒಳ್ಳೆಯ ಪಾಠ. ಗಂಡ ಯುದ್ಧಕ್ಕೆ ಹೋಗಿದ್ದಾಗ ಬಸುರಿ ನಾಕ್ ಹೆರಿಗೆಯಲ್ಲಿ ಸಾಯುತ್ತಾಳೆ, ಮಗುವೂ ಉಳಿಯುವುದಿಲ್ಲ. ಗಂಡ ಮರಳಿ ಬಂದು ಏನೂ ಗೊತ್ತಿಲ್ಲದೆ ಅವರಿಬ್ಬರ ಜೊತೆ ಸಂಸಾರ ಮಾಡುತ್ತಾನೆ. ಒಂದು ದಿನ ಅಡುಗೆ ಮಾಡುವಾಗ ಅವಳ ಕೈಯಿಂದ ನಿಂಬೆಹಣ್ಣು ಜಾರಿ ಅಟ್ಟಣೆಯ ಕೆಳಗೆ ಬೀಳುತ್ತದೆ. ಅವಳು ಕೂತಲ್ಲಿಂದಲೇ ಕೈಯನ್ನು ಉದ್ದಕ್ಕೆ ಚಾಚಿ ಎತ್ತಿಕೊಳ್ಳುತ್ತಾಳೆ. ಗಂಡ ನೋಡಿಬಿಡುತ್ತಾನೆ. ಗುಟ್ಟು ಹೊರಬಿದ್ದದ್ದು ಸ್ಮಶಾನದಲ್ಲಲ್ಲ, ಮನೆಗೆಲಸದ ನಡುವೆ. ಬ್ಯಾಂಕಾಕಿನ ವಾಟ್ ಮಹಾಬುತ್ ದೇವಾಲಯದ ಆವರಣದಲ್ಲಿ ಇವತ್ತಿಗೂ ಅವಳ ಗುಡಿಯಿದೆ, ಜನ ಹರಕೆ ಹೊರುತ್ತಾರೆ. ಹೆದರಿಸಿದವಳಿಗೇ ಕೈ ಮುಗಿಯುತ್ತಾರೆ ಅಂದರೆ ಕಥೆ ಎಲ್ಲಿ ತಟ್ಟಿದೆ ನೋಡಿ.

ಎರಡನೆಯದು ಸಂಗಾತಿಯ ರೂಪ ಹೊತ್ತು ಬರುವುದು. ಗಿರೀಶ ಕಾರ್ನಾಡರ 'ನಾಗಮಂಡಲ' (1988) ನಮಗೆಲ್ಲ ಗೊತ್ತಿರುವಂಥದ್ದು. ಅಲ್ಲಿರುವುದು ದೆವ್ವವಲ್ಲ, ನಾಗ. ಆದರೆ ಕಟ್ಟಿದ ರೀತಿ ಅದೇ. ಹಗಲು ಬಂದು ಬೀಗ ಹಾಕಿ ಹೋಗುವ ಗಂಡ, ರಾತ್ರಿ ಅದೇ ಮುಖ ಹೊತ್ತು ಬಂದು ಪ್ರೀತಿಸುವ ಇನ್ನೊಬ್ಬ. ವಿಜಯದಾನ್ ದೇಥಾ ರಾಜಸ್ಥಾನದ ಜನಪದದಿಂದ ಎತ್ತಿ ಬರೆದ 'ದುವಿಧಾ'ದಲ್ಲಿ ದೆವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮದುವೆಯಾದ ಬೆನ್ನಿಗೇ ಗಂಡ ವ್ಯಾಪಾರಕ್ಕೆ ಹೊರಟುಹೋದ ಹುಡುಗಿಯ ಮುಂದೆ ನಿಂತು ತಾನು ಗಂಡನಲ್ಲ, ದೆವ್ವ ಅಂತ ಅದು ಮೊದಲೇ ಹೇಳಿಬಿಡುತ್ತದೆ. ಗಂಡ ಸುಳ್ಳು ಹೇಳದಿದ್ದರೂ ದೂರ, ದೆವ್ವ ನಿಜ ಹೇಳಿ ಹತ್ತಿರ. ನೀವು ಈ ಬಗೆ ಹಿಡಿಯುವುದಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಅವಳಿಗೆ ಗೊತ್ತಿತ್ತಾ? ಗೊತ್ತಿಲ್ಲದೆ ಮೋಸ ಹೋದವಳ ಕಥೆಯೇ ಬೇರೆ, ಗೊತ್ತಿದ್ದೂ ಬಾಗಿಲು ತೆಗೆದವಳ ಕಥೆಯೇ ಬೇರೆ.

ಮೂರನೆಯದು ಹೊರಗಿನಿಂದ ಬರುವ ಅಪರಿಚಿತ. ಚೀನಾದ ನರಿ ಹೆಣ್ಣುಗಳು, ಜಪಾನಿನ ಹಿಮದ ಹೆಣ್ಣು ಯುಕಿ-ಒನ್ನಾ, ನಿದ್ದೆಯಲ್ಲಿ ಬಂದು ಕೂಡುವ ಯೂರೋಪಿನ ಹೆಣ್ಣು ದೆವ್ವ ಸಕ್ಯೂಬಸ್, ಗಂಡು ದೆವ್ವ ಇನ್‌ಕ್ಯೂಬಸ್, ನಮ್ಮ ಮೋಹಿನಿ ಎಲ್ಲ ಈ ಸಾಲಿನವು. ಬರೆಯಲು ಸುಲಭ, ಹಳಸಲು ಆಗುವುದೂ ಬೇಗ.

ನಮ್ಮ ಉದಾಹರಣೆಗೆ ಈ ಮೂರನೆಯ ಬಗೆಯನ್ನೇ ಸ್ವಲ್ಪ ತಿರುಗಿಸೋಣ. ಹಿಂದೆ ಅದೇ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಗಂಡಸು. ಒಂಟಿ. ಕೊನೆಗಾಲದಲ್ಲಿ ಅವನ ಜೊತೆ ಮಾತಾಡಲು ಒಂದು ನರಪಿಳ್ಳೆ ಇರಲಿಲ್ಲ. ಅವನಿಗೆ ಬೇಕಾದ್ದು ಇನ್ನೊಬ್ಬರ ಮಾತು. ಅವಳಿಗೆ ಬೇಕಾದ್ದು ಕೇಳುವ ಕಿವಿ. ದೆವ್ವದ ಹಸಿವು ಮನುಷ್ಯರ ಕೊರತೆಗೆ ಹೀಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ದೆವ್ವ ಬದಲಾಯಿಸಿ, ಸಂಸಾರ ಬದಲಾಯಿಸಬೇಡಿ.

ಹೆಜ್ಜೆ 3: ಕಟ್ಟಳೆ ಮತ್ತು ಬೆಲೆ

ದೆವ್ವ ಯಾವಾಗ ಬರಬಹುದು, ಅದರ ಕೈಲಿ ಏನು ಆಗದು, ಅದು ಏನನ್ನು ತೆಗೆದುಕೊಂಡು ಹೋಗುತ್ತದೆ. ಈ ಮೂರು ಗೊತ್ತಿದ್ದರೆ ಸಾಕು. ಅಮಾವಾಸ್ಯೆ, ಹುಣಿಸೆಮರ, ಏಳು ತಲೆಮಾರಿನ ಶಾಪ ಎಲ್ಲ ಪೇರಿಸಿದರೆ ಕಥೆ ಕುಸಿಯುತ್ತದೆ.

ಮೂರರಲ್ಲಿ ಬೆಲೆಯದ್ದೇ ತೂಕ ಜಾಸ್ತಿ. ರಕ್ತ, ಆಯಸ್ಸು, ಆತ್ಮ ಅಂತ ಬರೆದರೆ ಓದುಗರಿಗೆ ಏನೂ ಅನ್ನಿಸುವುದಿಲ್ಲ, ಕೇಳಿ ಕೇಳಿ ಸಾಕಾಗಿದೆ. ಯಾವ ಕೊರತೆಯಿಂದ ದೆವ್ವ ಬಂತೋ ಬೆಲೆಯೂ ಅದೇ ಸರಕಿನಲ್ಲಿ ಇರಲಿ. ನಮ್ಮ ಕಥೆಯಲ್ಲಿ ಕೇಳಿಸಿಕೊಂಡದ್ದೇ ದೆವ್ವದ ಪಾಲು. ಅವಳು ಅವನಿಗೆ ಹೇಳಿದ್ದೆಲ್ಲ ಅವಳ ನೆನಪಿನಿಂದ ಅಳಿಸಿಹೋಗುತ್ತದೆ. ಮೊದಲು ಆ ದಿನದ ಸುದ್ದಿ. ಅದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಬಾಲ್ಯ. ಆಮೇಲೆ ಮದುವೆಯ ದಿನ.

ಕಟ್ಟಳೆ ಮುರಿಯುವ ಬಗೆಯ ಬಗ್ಗೆ ಯುಕಿ-ಒನ್ನಾ ಕಥೆಯಿಂದ ಕಲಿಯಬಹುದು. ಜಪಾನಿನ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದ ಲಾಫ್ಕಾಡಿಯೊ ಹರ್ನ್ 1904ರಲ್ಲಿ ದಾಖಲಿಸಿದ ರೂಪದಲ್ಲಿ ಹಿಮದ ಹೆಣ್ಣು ಒಬ್ಬ ಯುವಕನನ್ನು ಕೊಲ್ಲದೆ ಬಿಡುತ್ತಾಳೆ. ಈ ರಾತ್ರಿಯ ವಿಷಯ ಯಾರಿಗೂ ಹೇಳಬಾರದು, ಹೇಳಿದರೆ ಕೊಲ್ಲುತ್ತೇನೆ ಅಂತ ಷರತ್ತು. ಮುಂದೆ ಅವನು ಒಬ್ಬ ಹುಡುಗಿಯನ್ನು ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ. ವರ್ಷಗಳಾದ ಮೇಲೆ ಒಂದು ರಾತ್ರಿ ಹೆಂಡತಿಗೆ ಆ ಕಥೆ ಹೇಳುತ್ತಾನೆ. ಅವಳೇ ಆ ಹೆಣ್ಣು. ಮಕ್ಕಳ ಮುಖ ನೋಡಿ ಅವನನ್ನು ಕೊಲ್ಲದೆ ಬಿಟ್ಟು ಹೋಗುತ್ತಾಳೆ. ಅವನು ಮಾತು ಮುರಿದದ್ದು ದುರಾಸೆಯಿಂದಲ್ಲ. ಹೆಂಡತಿಯ ಮುಂದೆ ಮುಚ್ಚುಮರೆ ಯಾಕೆ ಅನ್ನುವ ಸಲಿಗೆಯಿಂದ. ಒಳ್ಳೆಯ ಗಂಡ ಮಾಡುವ ಕೆಲಸವೇ ಸಂಸಾರ ಒಡೆಯುತ್ತದೆ. ಇಂಥ ಕಟ್ಟಳೆ ಸಿಕ್ಕರೆ ಬಿಡಬೇಡಿ.

ಹೆಜ್ಜೆ 4: ಮೊದಲ ರಾತ್ರಿ

ಇಲ್ಲಿ ಅವಸರ ಬೇಡ. ಇಡೀ ಕಥೆ ನಿಂತಿರುವುದು ಈ ದೃಶ್ಯದ ಮೇಲೆ. ಕರಡು ಹೀಗಿರಬಹುದು:

"ಗಂಡನ ಗೊರಕೆ ಶುರುವಾಗಿತ್ತು. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಕೈ ಹಿಡಿದುಕೊಂಡಿದ್ದ ಆ ಹೆಂಗಸಿನ ಮುಖ ನೆನಪಾಯಿತು. ಹೇಳಲೇ ಇಲ್ಲವಲ್ಲ ಅನ್ನಿಸಿತು.

'ಆಮೇಲೆ?'

ಸ್ವರ ಬಂದದ್ದು ಗೋಡೆ ಕಡೆಯಿಂದ. ಬೆನ್ನ ಹಿಂದೆ ಗೊರಕೆ ನಿಂತಿರಲಿಲ್ಲ. ಕೂಗಬೇಕು ಅಂತ ಬಾಯಿ ತೆರೆದಳು.

'ಆಮೇಲೆ ಅವಳು ಅಳೋಕೆ ಶುರು ಮಾಡಿದಳು' ಅಂದಳು."

ಏನೇನು ಬಿಟ್ಟಿದ್ದೇವೆ ಗಮನಿಸಿ. ಬೆವರಿಲ್ಲ, ನಡುಕವಿಲ್ಲ, ಗಡಿಯಾರ ಹನ್ನೆರಡು ಹೊಡೆಯಲಿಲ್ಲ. ಕೂಗಲು ತೆರೆದ ಬಾಯಿಂದ ಕಥೆ ಹೊರಬಂತು. ಭಯಕ್ಕಿಂತ ಹೇಳಿಕೊಳ್ಳುವ ಆಸೆ ದೊಡ್ಡದಾಗಿತ್ತು ಅಂತ ಬೇರೆ ವಾಕ್ಯದಲ್ಲಿ ವಿವರಿಸುವ ಅಗತ್ಯವೇ ಇಲ್ಲ. ವಿವರಿಸಿದರೆ ಸತ್ತುಹೋಗುತ್ತದೆ.

ಮರುಳು ಮಾಡುವ ಕೆಲಸ ಮೈಯಿಂದಲ್ಲ, ನೆನಪಿನಿಂದ ಶುರುವಾಗಲಿ. ಎರಡನೇ ರಾತ್ರಿ ದೆವ್ವ ಹೇಳುತ್ತದೆ, "ನಿನ್ನೆ ನೀಲಿ ಸೀರೆ ಅಂದಿದ್ದೆ. ಇವತ್ತು ಹಸಿರು ಅಂತಿದೀಯ." ಸುಮ್ನೆ ತಿದ್ದಿದ್ದು. ಆದರೆ ಹನ್ನೊಂದು ವರ್ಷದಲ್ಲಿ ಅವಳ ಮಾತಿನಲ್ಲಿ ಯಾರೂ ಬಣ್ಣ ಗಮನಿಸಿರಲಿಲ್ಲ. ಮುಂದೆ ಅವಳು ಹಗಲು ಹೊತ್ತು ರಾತ್ರಿಗೆಂದು ಸುದ್ದಿ ಕೂಡಿಡಲು ಶುರು ಮಾಡುತ್ತಾಳೆ. ದಾರಿಯಲ್ಲಿ ಕಂಡದ್ದನ್ನು ಹೇಗೆ ಹೇಳಲಿ ಅಂತ ಬಾಯೊಳಗೇ ಜೋಡಿಸಿಕೊಳ್ಳುತ್ತಾಳೆ. ಮಲಗುವಾಗ ಗೋಡೆಗೆ ಇನ್ನಷ್ಟು ಹತ್ತಿರ. ಅವಳು ಪ್ರತಿ ಸಲವೂ ಒಪ್ಪುತ್ತಿದ್ದಾಳೆ, ಒಂದು ಗೇಣಿನಷ್ಟು. ಹೀಗೆ ಮೂರ್ನಾಲ್ಕು ಸಣ್ಣ ಒಪ್ಪಿಗೆಗಳನ್ನು ಇಟ್ಟರೆ ದೊಡ್ಡ ಒಪ್ಪಿಗೆಗೆ ಓದುಗರೂ ತಲೆಯಾಡಿಸಿರುತ್ತಾರೆ.

ಸ್ಪರ್ಶ ಬರುವುದಾದರೆ ತಡವಾಗಿ, ಒಂದೇ ಸಲ ಬರಲಿ. ದಿಂಬಿನ ಗೋಡೆ ಕಡೆಯ ಅಂಚು ತಣ್ಣಗಾಗಿದೆ. ಅವಳು ಅಲ್ಲಿ ಕೆನ್ನೆ ಇಟ್ಟು ನೋಡುತ್ತಾಳೆ. ಇದಕ್ಕಿಂತ ಜಾಸ್ತಿ ಬರೆದರೆ ಶೃಂಗಾರ ಕೆಡುತ್ತದೆ ಅನ್ನೋದು ನನ್ನ ಅಭಿಪ್ರಾಯ. ಮುಟ್ಟಿದ್ದಕ್ಕಿಂತ ಮುಟ್ಟಲು ಹೊರಟದ್ದೇ ಮೈ ಬಿಸಿ ಮಾಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ಗೊಂದಲ ಮಾಡಿಕೊಳ್ಳಬೇಡಿ. ದೆವ್ವ ಮೇಲೆ ಬಿದ್ದು ಬಲವಂತ ಮಾಡಿದರೆ ಅದು ಮೋಹದ ಕಥೆಯಲ್ಲ, ಅತ್ಯಾಚಾರದ ಕಥೆ. ಅದನ್ನೂ ಬರೆಯಬಹುದು. ಆದರೆ ಅದಕ್ಕೆ ಮೋಹದ ಬಣ್ಣ ಬಳಿಯಬಾರದು.

ಹೆಜ್ಜೆ 5: ಯಾರ ಕಣ್ಣಿನಿಂದ?

ಮರುಳಾದವರ ಕಣ್ಣಿನಿಂದ ಹೇಳಿದರೆ ಆಸೆ ಚೆನ್ನಾಗಿ ಬರುತ್ತದೆ. ಪಕ್ಕದ ಮನೆಯವರ ಕಣ್ಣಿನಿಂದ ಹೇಳಿದರೆ ಗುಸುಗುಸು ಚೆನ್ನಾಗಿ ಬರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಹಿಂದೆ ಉಳಿದುಹೋದವರ ಕಣ್ಣು. ಗಂಡ ಬೆಳಿಗ್ಗೆ ಎದ್ದು ನೋಡುತ್ತಾನೆ, ಹೆಂಡತಿ ಗುನುಗುತ್ತಾ ತಲೆ ಬಾಚಿಕೊಳ್ಳುತ್ತಿದ್ದಾಳೆ. ಚೆನ್ನಾಗಿ ಕಾಣುತ್ತಿದ್ದಾಳೆ. ಅವನಿಗೆ ಖುಷಿಯಾಗಬೇಕಿತ್ತು. ಯಾರ ಮೇಲೆ ಹೊಟ್ಟೆಕಿಚ್ಚು ಪಡಬೇಕು ಅಂತಲೂ ಗೊತ್ತಿಲ್ಲದ ಹೊಟ್ಟೆಕಿಚ್ಚು ಅದು.

ಎರಡು ಕಣ್ಣು ಬೇಕೇ ಬೇಕು ಅನ್ನಿಸಿದರೆ ಕಥೆಯನ್ನು ಮಧ್ಯಕ್ಕೆ ಕತ್ತರಿಸಿ, ಮೊದಲರ್ಧ ಅವಳದು, ಉಳಿದದ್ದು ಅವನದು ಮಾಡಿ. ಪ್ಯಾರಾ ಪ್ಯಾರಾಕ್ಕೂ ಜಿಗಿಯಬೇಡಿ.

ಹೆಜ್ಜೆ 6: ನಡುಭಾಗದಲ್ಲಿ ಸಂಸಾರ ಸುಧಾರಿಸಲಿ

ಇದು ಹೊಸಬರಿಗೆ ಹೊಳೆಯುವುದಿಲ್ಲ. ದೆವ್ವ ಬಂದ ಕೂಡಲೇ ಪಾತ್ರೆ ಬೀಳುವುದು, ನಾಯಿ ಊಳಿಡುವುದು, ಯಾರೋ ಕಾಯಿಲೆ ಬೀಳುವುದು ಅಂತ ಹೋಗಿಬಿಡುತ್ತಾರೆ. ಅದರ ಬದಲು ಮನೆ ನೆಮ್ಮದಿಯಾಗಲಿ. ರಾತ್ರಿ ಮನಸ್ಸು ಹಗುರ ಮಾಡಿಕೊಂಡವಳು ಹಗಲು ಗಂಡನ ಮೇಲೆ ರೇಗುವುದಿಲ್ಲ. ಅವನೂ ಸ್ವಲ್ಪ ಹತ್ತಿರ ಬರುತ್ತಾನೆ. ಒಂದು ಸಂಜೆ ಮೊಬೈಲ್ ಪಕ್ಕಕ್ಕಿಟ್ಟು ಅವನೇ ಕೇಳುತ್ತಾನೆ, "ನಾವು ಮೊದಲ ಸಲ ಭೇಟಿಯಾದಾಗ ಮಳೆ ಬರ್ತಿತ್ತು, ಅಲ್ವಾ?"

ಅವಳು ಅವನ ಮುಖ ನೋಡುತ್ತಾಳೆ. "ಎಲ್ಲಿ ಭೇಟಿಯಾಗಿದ್ವಿ?" ಅಂತ ಕೇಳುತ್ತಾಳೆ.

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ಅವನು ನಗುತ್ತಾನೆ. ಬೆಲೆ ಕಾಣಿಸಬೇಕಾದ ಜಾಗ ಇದು, ಸುಖದ ಮಧ್ಯೆ.

ಹೆಜ್ಜೆ 7: ಬಾಗಿಲು ತೆಗೆದದ್ದು ಯಾರು?

ಜಪಾನಿನ 'ಬೊತಾನ್ ದೋರೊ', ಅಂದರೆ ಪಿಯೊನಿ ಹೂವಿನ ಲಾಂದ್ರದ ಕಥೆ ಚೀನಾದಿಂದ ಬಂದದ್ದು. ರಾತ್ರಿ ಲಾಂದ್ರ ಹಿಡಿದ ದಾಸಿಯ ಜೊತೆ ಪ್ರಿಯನನ್ನು ನೋಡಲು ಬರುವ ಹುಡುಗಿ ಸತ್ತವಳು. ಕಥೆಗಾರ ಸಾನ್ಯೂತೆ ಎಂಚೊ ವೇದಿಕೆಯ ಮೇಲೆ ಹೇಳುತ್ತಿದ್ದ ರೂಪ 1884ರಲ್ಲಿ ಶೀಘ್ರಲಿಪಿಯಿಂದ ಅಚ್ಚಾಯಿತು. ಅದರಲ್ಲಿ ಒಂದು ತಿರುವು ಇದೆ. ದೆವ್ವ ಒಳಗೆ ಬರದಂತೆ ಮನೆಗೆ ಮಂತ್ರದ ಚೀಟಿ ಅಂಟಿಸಿರುತ್ತಾರೆ. ಅದನ್ನು ಕಿತ್ತುಕೊಡು ಅಂತ ದೆವ್ವ ನೆರೆಯವನನ್ನು ಬೇಡುತ್ತದೆ. ಅವನ ಹೆಂಡತಿ ಹಾಗಾದರೆ ನೂರು ರ್ಯೋ (ಆ ಕಾಲದ ಚಿನ್ನದ ನಾಣ್ಯ) ಕೇಳು ಅನ್ನುತ್ತಾಳೆ. ದುಡ್ಡು ಬರುತ್ತದೆ, ಚೀಟಿ ಕೀಳುತ್ತಾರೆ, ಪ್ರಿಯ ಸಾಯುತ್ತಾನೆ. ಮುಂದೆ ಆ ದುಡ್ಡಿನಿಂದ ಮೇಲೆ ಬಂದ ನೆರೆಯವನು ಬೇರೆ ಹೆಣ್ಣಿನ ಹಿಂದೆ ಬಿದ್ದು ಆ ಹೆಂಡತಿಯನ್ನೇ ಕೊಲ್ಲುತ್ತಾನೆ. ಕಥೆಯಲ್ಲಿ ದೆವ್ವದ ಪ್ರೇಮಕ್ಕಿಂತ ಬದುಕಿರುವವರ ದಾಂಪತ್ಯವೇ ಭೀಕರ.

ನಿಮ್ಮ ಕಥೆಯಲ್ಲೂ ಚೀಟಿ ಕಿತ್ತ ಕೈ ಬದುಕಿರುವವರದ್ದೇ ಆಗಿರಲಿ. ನಮ್ಮ ಉದಾಹರಣೆಯಲ್ಲಿ ಅದು ಗಂಡನ ಕೈ. ಅವಳು ಗೋಡೆಯ ಜೊತೆ ಪಿಸುಗುಟ್ಟುವುದನ್ನು ಅವನು ಒಂದು ರಾತ್ರಿ ಕೇಳಿಸಿಕೊಂಡಿದ್ದ. ಅವತ್ತೇ ಎಬ್ಬಿಸಬಹುದಿತ್ತು. ಮಾತಾಡಿಕೊಂಡರೆ ಮಾತಾಡಿಕೊಳ್ಳಲಿ, ತನಗೆ ನಿದ್ದೆಯಾದರೂ ಸಿಗುತ್ತದೆ ಅಂತ ಸುಮ್ಮನಿದ್ದ.

ಹೆಜ್ಜೆ 8: ದೆವ್ವ ನಿಜವೇ?

ನೀವು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿರಿ. ಓದುಗರಿಗೆ ಹೇಳಲೇಬೇಕು ಅಂತೇನಿಲ್ಲ. ಸಂಶಯ ಉಳಿಸಬೇಕಾದರೆ ಎರಡು ಕಡೆಗೂ ಒಂದೊಂದು ಪುರಾವೆ ಇಡಿ. ಸ್ಲೀಪ್ ಪ್ಯಾರಾಲಿಸಿಸ್ ಬಗ್ಗೆ ತಿಳಿದಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾಗಿರುತ್ತವೆ. ಕೆಲವೊಮ್ಮೆ ಮನಸ್ಸು ಮೊದಲು ಎಚ್ಚರವಾಗಿ ಮೈ ಹಿಂದೆ ಉಳಿಯುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ ಅಲುಗಾಡಲು ಆಗುವುದಿಲ್ಲ, ಎದೆ ಮೇಲೆ ಭಾರ, ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದೆ. ರಾತ್ರಿ ಬಂದು ಎದೆ ಮೇಲೆ ಕೂರುವ ದೆವ್ವದ ಎಷ್ಟೋ ಕಥೆಗಳ ಹಿಂದೆ ಈ ಅನುಭವವಿದೆ. ಆದರೆ ಕಥೆಯೊಳಗೆ ಡಾಕ್ಟರನ್ನು ಕರೆಸಿ ಭಾಷಣ ಮಾಡಿಸಬೇಡಿ. ಹಾಗೆಯೇ ಕಾಯಿಲೆ ಇರುವವರನ್ನು ದೆವ್ವ ಹಿಡಿದವರು ಅಂತ ತೋರಿಸಿ ಹೊಡೆದು ಬಿಡಿಸುವ ದೃಶ್ಯವನ್ನು ಮಜಾ ಮಾಡಲು ಬರೆಯಬೇಡಿ. ನಿಜ ಜೀವನದಲ್ಲಿ ಅಂಥ ಏಟು ತಿಂದವರಿದ್ದಾರೆ.

ಇನ್ನೊಂದು ಹಳೆಯ ಚಟ: ಮರುಳು ಮಾಡುವುದು ಯಾವಾಗಲೂ ಹೆಣ್ಣು, ಮರುಳಾಗುವುದು ಯಾವಾಗಲೂ ಪಾಪದ ಗಂಡಸು. ಹೊಣೆ ತಪ್ಪಿಸಿಕೊಳ್ಳಲು ಗಂಡಸರಿಗೆ ಅದು ಒಳ್ಳೆಯ ನೆಪವಾಗಿತ್ತು. ಅದೇ ಕಥೆ ಬರೆಯುವುದಾದರೂ ಅವನು ಅವತ್ತು ಮನೆಗೆ ಯಾಕೆ ತಡವಾಗಿ ಹೊರಟ ಅಂತ ಕೇಳಿ.

ಹೆಜ್ಜೆ 9: ಮುಗಿಸುವುದು

"ಎಚ್ಚರವಾದಾಗ ಎಲ್ಲ ಕನಸು" ಬೇಡ. ಕೊನೆಯ ಪುಟದಲ್ಲಿ ಮಾಂತ್ರಿಕ ಬಂದು ನಿಂಬೆಹಣ್ಣು ಕೊಯ್ಯುವುದೂ ಬೇಡ. ದೆವ್ವದ ಗತಿ ಏನಾಯಿತು ಅನ್ನುವುದಕ್ಕಿಂತ ಸಂಸಾರದ ಗತಿ ಏನಾಯಿತು ಅಂತ ಓದುಗರು ಕಾಯುತ್ತಿದ್ದಾರೆ.

ಜಪಾನಿನ ಲೇಖಕ ಉಯೆದಾ ಅಕಿನಾರಿಯ 1776ರ ಕಥಾಸಂಗ್ರಹದಲ್ಲಿ ಒಂದು ಮುಕ್ತಾಯವಿದೆ. ವ್ಯಾಪಾರಕ್ಕೆ ಹೋದ ಗಂಡ ಏಳು ವರ್ಷದ ಮೇಲೆ ಮನೆಗೆ ಬರುತ್ತಾನೆ. ಹೆಂಡತಿ ಕಾದಿದ್ದಾಳೆ, ಅಳುತ್ತಾಳೆ, ಇಬ್ಬರೂ ಮಲಗುತ್ತಾರೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಮನೆಗೆ ಸೂರಿಲ್ಲ, ಅವಳು ಸತ್ತು ಎಷ್ಟೋ ಕಾಲವಾಗಿದೆ. ದೆವ್ವ ಅವನಿಗೆ ಏನೂ ಮಾಡಲಿಲ್ಲ. ತಡ ಮಾಡಿದ್ದು ಅವನು.

ನಮ್ಮ ಕಥೆಗೆ ಹೀಗೊಂದು ಮುಕ್ತಾಯ ನೋಡಿ. ಹೆಂಡತಿಗೆ ಬಹುತೇಕ ಎಲ್ಲ ಮರೆತಿದೆ. ಗಂಡ ಹಾಸಿಗೆಯ ಮೇಲೆ ಕೂತು ಅವಳ ಬದುಕನ್ನು ಅವಳಿಗೇ ಹೇಳುತ್ತಾ ಹೋಗುತ್ತಾನೆ. ಹನ್ನೊಂದು ವರ್ಷ ಅವಳು ಹೇಳಿದ್ದೆಲ್ಲ ಅವನಿಗೆ ನೆನಪಿದೆ. ಅವನು ಕೇಳಿಸಿಕೊಂಡಿದ್ದ! ಹೇಳುತ್ತಾ ಹೇಳುತ್ತಾ "ಮೆಟ್ಟಿಲ ಹತ್ತಿರ ಆ ಹೆಂಗಸು ನಿನ್ನ ಕೈ ಹಿಡ್ಕೊಂಡು..." ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಮುಂದಿನದು ಅವನಿಗೆ ಗೊತ್ತಿಲ್ಲ. "ಆಮೇಲೆ?" ಅಂತ ಕೇಳುತ್ತಾನೆ. ಅವಳಿಗೂ ಗೊತ್ತಿಲ್ಲ. ಗೊತ್ತಿರುವುದು ಗೋಡೆಯೊಳಗಿನವನಿಗೆ ಮಾತ್ರ. ಅವನು ಉತ್ತರ ಹೇಳುತ್ತಾನೋ ಇಲ್ಲವೋ ಅನ್ನುವುದನ್ನು ನಾನಾದರೆ ಬರೆಯುವುದಿಲ್ಲ. ನಿಮಗೆ ಬರೆಯಬೇಕು ಅನ್ನಿಸಿದರೆ ಬರೆಯಿರಿ, ಆದರೆ ಒಂದೇ ವಾಕ್ಯ.

ಹೆಜ್ಜೆ 10: ತಿದ್ದುವುದು

ಕರಡನ್ನು ಒಂದೆರಡು ವಾರ ಮುಚ್ಚಿಡಿ. ತೆಗೆದಾಗ ಮೊದಲು "ಭಯಾನಕ", "ನಿಗೂಢ", "ವಿಚಿತ್ರ", "ಇದ್ದಕ್ಕಿದ್ದಂತೆ" ಇವುಗಳನ್ನು ಹುಡುಕಿ ಹೊಡೆದುಹಾಕಿ. ವಾಕ್ಯ ಅಲುಗಾಡದೆ ನಿಂತರೆ ಅವು ಬೇಕಿರಲೇ ಇಲ್ಲ.

ಆಮೇಲೆ ದೆವ್ವದ ಸಾಲುಗಳನ್ನೆಲ್ಲ ಬೆರಳಲ್ಲಿ ಮುಚ್ಚಿಕೊಂಡು ಓದಿ. ಉಳಿದದ್ದರಲ್ಲಿ ಒಂದು ಗಂಡ ಹೆಂಡಿರ ಕಥೆ ಇದೆಯಾ? ಇಲ್ಲದಿದ್ದರೆ ಮೊದಲ ಹೆಜ್ಜೆಗೆ ಹೋಗಿ. ಮಾತುಗಳನ್ನು ಗಟ್ಟಿಯಾಗಿ ಓದಿ ನೋಡಿ. ಬದುಕಿರುವವರು ಮನೆಯಲ್ಲಿ ಆಡುವಂತೆ ಆಡುತ್ತಿರಲಿ. ದೆವ್ವವೂ ಪುಸ್ತಕದ ಭಾಷೆ ಮಾತಾಡುವುದು ಬೇಡ, ಅದೂ ಒಂದು ಕಾಲಕ್ಕೆ ಬಾಡಿಗೆ ಕಟ್ಟಿದ್ದೇ.

ಕೊನೆಗೆ ನಂಬಿಕೆಯ ಒಬ್ಬ ಓದುಗರಿಗೆ ಕೊಡಿ, ಆದಷ್ಟೂ ಮದುವೆಯಾಗಿ ಕೆಲವು ವರ್ಷವಾದವರಿಗೆ. ಚೆನ್ನಾಗಿದೆಯಾ, ಹೆದರಿಕೆ ಆಯ್ತಾ ಅಂತ ಕೇಳಬೇಡಿ. ಯಾವ ಸಾಲಿನಲ್ಲಿ ದೆವ್ವವೇ ವಾಸಿ ಅನ್ನಿಸಿತು, ಬೆರಳಿಟ್ಟು ತೋರಿಸಿ ಅನ್ನಿ. ಅವರು ತೋರಿಸಿದ ಸಾಲು ಕಥೆಯ ಮೊದಲರ್ಧದಲ್ಲಿ ಇದ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಕಥೆಯ ಕೊನೆಯ ಹತ್ತಿರ ಇದ್ದರೆ ನಾಲ್ಕನೇ ಹೆಜ್ಜೆಯ ದೃಶ್ಯವನ್ನು ಇನ್ನಷ್ಟು ಮೊದಲಿಗೆ ತನ್ನಿ. ಯಾವ ಸಾಲೂ ಸಿಗದಿದ್ದರೆ ಆ ದೃಶ್ಯವನ್ನು ಮೊದಲಿನಿಂದ ಬರೆಯಿರಿ.